ಹುಳಿ ತಿರುಗಿದ ಹೂಳು

ಕಾಗದದ ಪಟ್ಟಿ ನೀಲಿಗೆ ತಿರುಗಬೇಕಿತ್ತು. ಕಿತ್ತಳೆ ಬಣ್ಣಕ್ಕೆ ತಿರುಗಿತು.

ಸಬ್ ಇನ್‌ಸ್ಪೆಕ್ಟರ್ ಸ್ವಪ್ನಾ ಇನ್ನೊಂದು ಪಟ್ಟಿ ಹರಿದು ಬಾಟಲಿಯೊಳಗೆ ಅದ್ದಿದಳು. ಅದೂ ಕಿತ್ತಳೆಯೇ. ಮುಚ್ಚಳವನ್ನು ಬಿಗಿಯಾಗಿ ತಿರುಗಿಸಿ ಬಾಟಲಿಯನ್ನು ಕೈಗೆಟುಕದಷ್ಟು ದೂರಕ್ಕೆ ಸರಿಸಿದಳು.

ಸಾಗರದ ಠಾಣೆಯ ಹಿಂಭಾಗದ ಜಗುಲಿ ಅದು. ಒಳಗೆ ಮಾತ್ರ ಆ ಬಾಟಲಿ ತೆರೆಯಬೇಡಿ ಎಂದು ಇಡೀ ಠಾಣೆ ಕೈಮುಗಿದಿದ್ದರಿಂದ ಅವಳು ಹೊರಗೆ ಬಂದಿದ್ದಳು.

"ನಿನ್ನೆ ಇದೇ ಜಗುಲೀಲಿ ಕೂತು ಬುತ್ತಿ ಬಿಚ್ಚಿದ್ದೆ ಮೇಡಂ," ಹೆಡ್ ಕಾನ್‌ಸ್ಟೆಬಲ್ ಮಂಜುನಾಥಪ್ಪ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಹೇಳಿದ. "ಇನ್ನು ಮೇಲೆ ಉಪವಾಸಾನೇ."

"ಒಳ್ಳೇದೇ ಆಯ್ತು. ನಿಮ್ ಡಾಕ್ಟ್ರೂ ಅದನ್ನೇ ಹೇಳಿದ್ರಲ್ಲ."

ಹಿಂದಿನ ವಾರ, ಹೊಸನಗರ ರಸ್ತೆಯ ಹೊನ್ನೆಮಕ್ಕಿಯ ಕೊಳಚೆನೀರು ಶುದ್ಧೀಕರಣ ಘಟಕದಲ್ಲಿ ಒಂದು ತೊಟ್ಟಿಯ ಮುಚ್ಚಳ ತೆಗೆಯುತ್ತಲೇ ಸ್ಯಾಂಪಲ್ ಒಯ್ಯಲು ಬಂದಿದ್ದ ತೀರ್ಥಹಳ್ಳಿಯ ಖಾಸಗಿ ಪ್ರಯೋಗಾಲಯದ ಹೇರಂಬ ಉಸಿರುಗಟ್ಟಿ ಬಿದ್ದು ಸತ್ತಿದ್ದ. ಬಾಟಲಿಯಲ್ಲಿದ್ದುದು ಅದೇ ತೊಟ್ಟಿಯ ಹೂಳು. ಅಗ್ನಿಶಾಮಕ ದಳದವರು ಅಂದೇ ಎರಡು ಬಾಟಲಿ ತುಂಬಿ ಕೊಟ್ಟಿದ್ದರು. ಒಂದು ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಹೋಗಿತ್ತು, ವರದಿ ಯಾವ ಕಾಲಕ್ಕೆ ಬರುವುದೋ ತಿಳಿಯದು. ಇನ್ನೊಂದನ್ನು ಸ್ವಪ್ನಾ ತಾನೇ ತೆರೆದಿದ್ದಳು.

ಜಗುಲಿಯ ತುದಿಯ ಬೆಂಚಿನಲ್ಲಿ ಸೌಜನ್ಯ ಕುಳಿತಿದ್ದಳು. ಘಟಕದ ಪರಿಸರ ಎಂಜಿನಿಯರ್. ಆ ತೊಟ್ಟಿ ಅವಳ ಯೋಚನೆ, ಅವಳ ಕೈಕೆಲಸ. ಈಗ ಅಮಾನತಿನಲ್ಲಿದ್ದಳು. ತೊಟ್ಟಿ ತನ್ನಷ್ಟಕ್ಕೆ ವಿಷಗಾಳಿ ಉಗುಳಿತು ಎಂದಾದರೆ ಅದು ನಿರ್ಲಕ್ಷ್ಯದಿಂದಾದ ಸಾವು; ಸೋಮವಾರ ಅವಳನ್ನು ಬಂಧಿಸಬೇಕು. ಸರ್ಕಲ್ ಇನ್‌ಸ್ಪೆಕ್ಟರ್ ಅದನ್ನು ಎರಡರ್ಥವಿಲ್ಲದಂತೆ ಹೇಳಿಬಿಟ್ಟಿದ್ದರು.

"ಆ ತೊಟ್ಟಿ ಏನಕ್ಕೆ, ಮತ್ತೊಂದ್ಸಲ ಹೇಳಿ," ಸ್ವಪ್ನಾ ಕೇಳಿದಳು. "ನಾನೂ ಬಿಎಸ್‌ಸೀಲಿ ಕೆಮಿಸ್ಟ್ರಿ ಓದಿದೀನಿ. ಆದ್ರೆ ಮಂಜುನಾಥಪ್ಪನವ್ರಿಗೆ ಅರ್ಥ ಆಗೋ ಹಂಗೆ ಹೇಳಿ."

"ನಂಗ್ಯಾಕೆ ಮೇಡಂ?" ಎಂದ ಮಂಜುನಾಥಪ್ಪ.

"ನಿಮಗೆ ಅರ್ಥ ಆದ್ರೆ ಕೋರ್ಟಿಗೂ ಆಗುತ್ತೆ."

ಸೌಜನ್ಯ ನಗಲಿಲ್ಲ. ಆದರೆ ಹೇಳತೊಡಗಿದಾಗ ಅವಳ ದನಿಗೆ ಜೀವ ಬಂತು.

"ಊರಿನ ಕೊಳಚೆನೀರಲ್ಲಿ ಸಾರಜನಕ ಇರುತ್ತೆ. ಹೆಚ್ಚಿನಂಶ ಮೂತ್ರದ್ದು. ಅದನ್ನ ಹಾಗೇ ಬಿಟ್ರೆ ಹಳ್ಳಕ್ಕೆ ಹೋಗುತ್ತೆ, ಹಳ್ಳದಿಂದ ವರದೆಗೆ. ಪಾಚಿ ಕಟ್ಟುತ್ತೆ, ಮೀನು ಸಾಯುತ್ತೆ, ಕೆಳಗಿನ ಊರಿನ ಬಾವಿಗೂ ಇಳಿಯುತ್ತೆ. ಸಾರಜನಕಾನ ಬರೀ ಗಾಳಿ ಮಾಡಿ ಆಕಾಶಕ್ಕೆ ಬಿಡೋ ಬ್ಯಾಕ್ಟೀರಿಯಾ ಇವೆ. ಆದ್ರೆ ಅವಕ್ಕೆ ಊಟ ಬೇಕು. ನಮ್ ಕಡೆ ಕೊಳಚೆನೀರು ತೀರಾ ತೆಳು, ಅದ್ರಲ್ಲಿ ಅವುಗಳ ಹೊಟ್ಟೆ ತುಂಬಲ್ಲ. ಅದಕ್ಕೇ ಗುತ್ತಿಗೆ ಕಂಪನಿಯವ್ರು ಕ್ಯಾನ್‌ಗಟ್ಟಲೆ ಮೆಥನಾಲ್ ತರಿಸಿ ಹಾಕ್ತಿದ್ರು."

"ಅಂದ್ರೆ ಸ್ಪಿರಿಟ್ಟು?" ಮಂಜುನಾಥಪ್ಪ ಕರವಸ್ತ್ರ ತೆಗೆದ. "ಮನುಷ್ಯರು ಇಟ್ಕೊಂಡ್ರೆ ಕೇಸು, ಹುಳಕ್ಕಾದ್ರೆ ಸರಬರಾಜು."

"ನಾನು ಕೇಳಿದ್ದು ಇಷ್ಟೇ. ಹೊರಗಿಂದ ಯಾಕೆ? ನೀರು ಶುದ್ಧ ಮಾಡಿ ಉಳಿದ ಹೂಳು ಅಂಗಳದ ತುಂಬ ರಾಶಿ ಬಿದ್ದಿದೆ. ಅದಕ್ಕೆ ಸುಣ್ಣ ಹಾಕಿ, ಮುಚ್ಚಿದ ತೊಟ್ಟೀಲಿ ಬಿಟ್ರೆ ಕರಗಿ ಮೇಲೆ ತಿಳಿ ನಿಲ್ಲುತ್ತೆ. ಆ ತಿಳೀನೇ ಅವುಗಳ ಊಟ. ಮನೆ ಅಕ್ಕಚ್ಚು ಮನೆ ದನಕ್ಕೆ ಹಾಕಿದ ಹಾಗೆ."

"ಸುಣ್ಣ ಯಾಕೆ?"

"ಹೂಳಲ್ಲಿ ಗಂಧಕದ ಅಂಶ ಇರುತ್ತೆ. ಸುಣ್ಣ ಇರೋ ತನಕ ಅದು ನೀರಲ್ಲೇ ಕಟ್ಟುಬಿದ್ದಿರುತ್ತೆ, ಗಾಳಿಯಾಗಿ ಏಳಲ್ಲ. ಹುಳಿ ಬಿದ್ರೆ..." ಅವಳು ನಿಲ್ಲಿಸಿದಳು.

"ಹುಳಿ ಬಿದ್ರೆ?"

"ಒಟ್ಟಿಗೇ ಏಳುತ್ತೆ. ಮೊದಲು ಕೊಳೆತ ಮೊಟ್ಟೆ ವಾಸನೆ. ಜಾಸ್ತಿ ಆದ್ರೆ ವಾಸನೇನೂ ಬರಲ್ಲ. ಮೊದಲು ಮೂಗು ಸಾಯುತ್ತೆ, ಆಮೇಲೆ ಮನುಷ್ಯ."

ಸ್ವಪ್ನಾ ಕಿತ್ತಳೆ ಬಣ್ಣದ ಪಟ್ಟಿಗಳೆರಡನ್ನೂ ಅವಳ ಮುಂದೆ ಹಿಡಿದಳು.

"ಸುಣ್ಣ ಇದ್ದಿದ್ರೆ ನೀಲಿ ಆಗ್ಬೇಕಿತ್ತು. ಹುಳಿ ಬಿದ್ದಿದೆ."

ಸೌಜನ್ಯ ಪಟ್ಟಿಗಳನ್ನು ನೋಡಿದಳು. ಇದು ಅವಳನ್ನು ಉಳಿಸುವ ಬಣ್ಣ. ತೊಟ್ಟಿ ತಾನಾಗಿ ಕೊಂದಿಲ್ಲ, ಯಾರೋ ಅದಕ್ಕೆ ಆಸಿಡ್ ಸುರಿದಿದ್ದಾರೆ ಎಂದು ಹೇಳುವ ಬಣ್ಣ. ಅಷ್ಟು ರಸಾಯನಶಾಸ್ತ್ರ ಬಲ್ಲವಳು ಎದ್ದು ಕುಣಿಯದಿದ್ದರೂ ಒಂದು ನಿಟ್ಟುಸಿರನ್ನಾದರೂ ಬಿಡಬೇಕಿತ್ತು.

"ಹೀಗಾಗೋಕೆ ಸಾಧ್ಯ ಇಲ್ಲ," ಎಂದಳು ಸೌಜನ್ಯ, ನೆಲ ನೋಡುತ್ತ.

ಸ್ವಪ್ನಾ ಆ ಮಾತನ್ನು ಮನಸ್ಸಿನಲ್ಲೇ ಪಕ್ಕಕ್ಕೆ ಎತ್ತಿಟ್ಟಳು. ಪ್ರಯೋಗ ಹೊಂದಿಕೆಯಾಗದ ಫಲಿತಾಂಶ ಕೊಟ್ಟಾಗ ಅದನ್ನು ಅಳಿಸಬಾರದು ಎಂದು ಕಾಲೇಜಿನಲ್ಲಿ ಕಲಿಸಿದ್ದರು.

* * *

ಹೊನ್ನೆಮಕ್ಕಿಯ ಗೇಟಿನಲ್ಲೇ ಸೀತಾರಾಮಪ್ಪ ಎದುರಾದ. ಗುತ್ತಿಗೆ ಕಂಪನಿಯ ಮ್ಯಾನೇಜರ್, ಮೆಥನಾಲ್ ತರಿಸುತ್ತಿದ್ದವನು. ಜೀಪಿನಲ್ಲಿ ಕುಳಿತ ಸೌಜನ್ಯಳನ್ನು ಕಂಡೂ ಕಾಣದಂತೆ ಮುಖ ತಿರುಗಿಸಿದ.

"ಏನ್ ಮೇಡಂ, ಇನ್ನೂ ಹೊಲಸು ಕೆದಕ್ತಾನೇ ಇದ್ದೀರಾ?"

"ನಿಮ್ಮದೂ ಅದೇ ಕಸುಬಲ್ವಾ?"

"ನಾವು ಹೊಲಸನ್ನ ಹೊರಗೆ ತೆಗೀತೀವಿ. ಈಯಮ್ಮ ತೆಗೆದಿದ್ದನ್ನೇ ಮತ್ತೆ ನೀರಿಗೆ ಬೆರೆಸೋಕೆ ಹೊರಟಿದ್ರು. ಊರೋರು ಕೇಳಿ ಕೇಳಿ ನಗ್ತಿದ್ರು. ಈಗ ಯಾರೂ ನಗ್ತಿಲ್ಲ, ನೋಡಿ."

"ಅವತ್ತು ನೀವೆಲ್ಲಿದ್ರಿ?"

"ಶಿವಮೊಗ್ಗದಲ್ಲಿ, ಮದುವೆ. ವಿಡಿಯೋದಲ್ಲೂ ಇದ್ದೀನಿ, ಮೊದಲನೇ ಪಂಕ್ತೀಲೇ. ಹೋಳಿಗೆ ಬೇಡ ಬೇಡ ಅಂತಾ ಇರೋದು ನಾನೇ."

"ಈ ತೊಟ್ಟಿ ಗೆದ್ದಿದ್ರೆ ನಿಮ್ಮ ಕ್ಯಾನು ನಿಲ್ತಿತ್ತು."

ಸೀತಾರಾಮಪ್ಪನ ನಗು ತುಸು ತಡವಾಗಿ ಬಂತು. "ಕ್ಯಾನ್ ನಿಲ್ಲುತ್ತೆ ಅಂತ ಯಾರಾದ್ರೂ ಕೊಲೆ ಮಾಡ್ತಾರಾ? ಅದೂ ಹೇರಂಬನ್ನ? ಅವ್ನು ನಮ್ಮೋನೇ ಅಲ್ವಾ ಮಾರಾಯ್ರೇ."

"ನಿಮ್ಮೋನು?"

"ಅಂದ್ರೆ... ಪರಿಚಯದೋನು. ಸ್ಯಾಂಪಲ್ ಒಯ್ಯೋಕೆ ಬಂದಾಗ ಚಾ ಕುಡಿಯೋಷ್ಟು." ಅವನಿಗೆ ಒಳಗೆ ಯಾವುದೋ ಕೆಲಸ ನೆನಪಾಯಿತು. ಹೊರಟುಹೋದ.

ತೊಟ್ಟಿ ಘಟಕದ ಹಿಂಬದಿಯಲ್ಲಿತ್ತು. ಆಳೆತ್ತರದ ಕಾಂಕ್ರೀಟ್ ಗೋಡೆ, ಮೇಲೆ ಹತ್ತಲು ಕಬ್ಬಿಣದ ಏಣಿ, ನೆತ್ತಿಯಲ್ಲಿ ಹಿಡಿಯಿದ್ದ ದುಂಡು ಮುಚ್ಚಳ. ಅಗ್ನಿಶಾಮಕದವರು ದೊಡ್ಡ ಫ್ಯಾನು ಹಾಕಿ ಗಾಳಿಯಾಡಿಸಿ ಹೋಗಿದ್ದರು. ಆದರೂ ಸ್ವಪ್ನಾ ಮುಖಕ್ಕೆ ಮಾಸ್ಕ್ ಬಿಗಿದುಕೊಂಡೇ ಹತ್ತಿ ಒಳಗೆ ಇಣುಕಿದಳು.

ಹೂಳು ಗಂಜಿಯಂತೆ ಸಮನಾಗಿರಲಿಲ್ಲ. ಮುದ್ದೆಮುದ್ದೆಯಾಗಿ ಒಡೆದು ತಳ ಸೇರಿತ್ತು. ಮೇಲೆ ಚಹಾದ ಬಣ್ಣದ ನೀರು ನಿಂತಿತ್ತು. ಅದನ್ನು ನೋಡಿದಾಗ ಒಡೆದ ಹಾಲಿನ ನೆನಪಾಯಿತು.

ಕೆಳಗಿಳಿದು ಗೋಡೆಯ ಪಕ್ಕದ ಆಲಿಕೆಯ ಬಳಿ ಕುಕ್ಕರುಗಾಲಲ್ಲಿ ಕುಳಿತಳು. ಸುಣ್ಣದ ನೀರು ಹೊಯ್ಯಲೆಂದು ಇಟ್ಟ ತಗಡಿನ ಆಲಿಕೆ ಅದು. ಅಲ್ಲಿಂದ ಒಂದು ಬಾಗಿದ ಕೊಳವೆ ತೊಟ್ಟಿಯೊಳಗೆ ಹೋಗಿತ್ತು. ಇಲ್ಲಿ ನಿಂತು ಹೊಯ್ದವನ ಮೂಗಿಗೆ ಒಳಗಿನ ಗಾಳಿ ಬಡಿಯುವುದಿಲ್ಲ.

ತಿಂಗಳುಗಟ್ಟಲೆ ಸುಣ್ಣ ಕುಡಿದ ಆಲಿಕೆ ಒಳಗೆಲ್ಲ ಬೆಳ್ಳಗೆ ಹಕ್ಕಳೆಗಟ್ಟಿತ್ತು. ಒಂದು ಕಡೆ ಮಾತ್ರ, ಅಂಗೈ ಅಗಲದ ಜಾಡಿನಲ್ಲಿ, ಆ ಹಕ್ಕಳೆ ಮಾಯವಾಗಿತ್ತು. ಯಾರೋ ನಾಲಿಗೆಯಿಂದ ನೆಕ್ಕಿದಷ್ಟು ನುಣ್ಣಗೆ ತಗಡು ಹೊಳೆಯುತ್ತಿತ್ತು.

ಸುಣ್ಣದ ಗಂಟು ಸೋಸಲೆಂದು ಆಲಿಕೆಯ ತಳಕ್ಕೆ ಗೋಣಿಚೀಲದ ತುಂಡೊಂದನ್ನು ತುರುಕಿದ್ದರು. ಅವಳು ಅದನ್ನು ಇಕ್ಕುಳದಿಂದ ಎಳೆದು, ಮಾಸ್ಕ್ ಸರಿಸಿ, ದೂರದಿಂದಲೇ ಕೈಯಲ್ಲಿ ಗಾಳಿ ಬೀಸಿಕೊಂಡಳು.

ಹೂಳಿನ ನಾತದ ನಡುವೆ ಇನ್ನೊಂದು ವಾಸನೆ. ಮೂಗಿನ ತುದಿಯನ್ನು ಸೂಜಿಯಂತೆ ಚುಚ್ಚುವ ಹುಳಿ.

ಆ ಹುಳಿ ಅವಳಿಗೆ ಪರಿಚಿತ. ಅವ್ವ ಕನ್ನಮ್ಮ ಬೇಸಿಗೆಯಲ್ಲಿ ಮಾವಿನಮರದಿಂದ ಚಗಳಿಗೂಡು ಇಳಿಸಿ, ಕೆಂಪು ಇರುವೆಗಳನ್ನು ಹುರಿದು, ಒಣಮೆಣಸಿನ ಜೊತೆ ಅರೆದು ಚಟ್ನಿ ಮಾಡುತ್ತಿದ್ದಳು. ಗೂಡು ಕೊಡವಿದ ಕೂಡಲೆ ಏಳುತ್ತಿದ್ದ ಗಾಳಿ ಇದೇ. ಕಣ್ಣಲ್ಲಿ ನೀರು ಬರುತ್ತಿತ್ತು, ಬಾಯಲ್ಲೂ ಬರುತ್ತಿತ್ತು.

"ಚಗಳಿ," ಎಂದಳು ಸ್ವಪ್ನಾ.

ಮಂಜುನಾಥಪ್ಪ ಸುತ್ತ ನೋಡಿದ. "ಇರುವೇನ ಅರೆಸ್ಟ್ ಮಾಡ್ಬೇಕಾ ಮೇಡಂ? ಕೋಳ ಸಣ್ಣದು ಬೇಕಾಗುತ್ತೆ."

"ಇರುವೆ ಕಚ್ಚಿದ್ರೆ ಉರಿಯುತ್ತಲ್ಲ, ಆ ಆಸಿಡ್ಡು. ಫಾರ್ಮಿಕ್ ಆಸಿಡ್. ಬ್ಯಾಟರೀಲಿ ಇರಲ್ಲ, ಕಕ್ಕಸು ತೊಳೆಯೋದ್ರಲ್ಲೂ ಇರಲ್ಲ. ನಮ್ ಕಡೆ ಅದನ್ನ ಕ್ಯಾನ್‌ಗಟ್ಟಲೆ ಇಟ್ಕೊಳ್ಳೋದು ಯಾರು?"

ಅವನ ಮುಖದಿಂದ ನಗು ಇಳಿಯಿತು. "ರಬ್ಬರ್ ಮಾಡೋರು."

"ಇಲ್ಲಿ ಕೆಲಸ ಮಾಡೋರಲ್ಲಿ ರಬ್ಬರ್ ಯಾರಿಗಿದೆ?"

"ಒಬ್ಬನಿಗೇ. ಆಪರೇಟರ್ ಶಿವರಾಮಂಗೆ. ಬಟ್ಟೆಮಲ್ಲಪ್ಪದ ಹತ್ರ. ಬೆಳಗ್ಗೆ ಮರ ಕೆತ್ತಿ ಹಾಲಿಳಿಸೋ ಟ್ಯಾಪಿಂಗು, ಆಮೇಲೆ ಇಲ್ಲಿ ಡ್ಯೂಟಿ."

ಜೀಪು ಬಟ್ಟೆಮಲ್ಲಪ್ಪದ ಕಡೆ ಹೊರಟಿತು. ಸೌಜನ್ಯಳನ್ನು ಬಿಟ್ಟು ಹೋಗುವಂತಿರಲಿಲ್ಲ. ಅಷ್ಟು ಸುಣ್ಣವನ್ನು ಸೋಲಿಸಲು ಎಷ್ಟು ಆಸಿಡ್ ಬೇಕು ಎಂಬ ಲೆಕ್ಕ ಅವಳೊಬ್ಬಳಿಗೇ ಗೊತ್ತಿತ್ತು. ದಾರಿಯಲ್ಲಿ ಸ್ವಪ್ನಾ ಕೇಳಿದಳು. ಒಂದು ದೊಡ್ಡ ಕ್ಯಾನ್ ಸಾಕು ಎಂದಳು ಸೌಜನ್ಯ. ಆಮೇಲೆ ಮಣ್ಣುರಸ್ತೆಯ ತಿರುವಿನಲ್ಲಿ ಮೆಲ್ಲಗೆ ಹೇಳಿದಳು:

"ಅವನ ತಾಯಿಗೆ ಹುಷಾರಿರಲ್ಲ. ಹೆದರಿಸಬೇಡಿ ಮೇಡಂ."

* * *

ಶಿವರಾಮನ ತಾಯಿ ದುಗ್ಗಮ್ಮನಿಗೆ ಹುಷಾರಿಲ್ಲ ಎಂಬುದನ್ನು ಆಕೆಗೆ ಯಾರೂ ಹೇಳಿದಂತಿರಲಿಲ್ಲ. ಶೆಡ್ಡಿನಲ್ಲಿ ನಿಂತು, ಹೆಪ್ಪಾದ ರಬ್ಬರಿನ ದಪ್ಪ ಹಾಳೆಯನ್ನು ರೋಲರಿಗೆ ಕೊಟ್ಟು, ಎರಡೂ ಕೈಯಲ್ಲಿ ಹಿಡಿ ತಿರುಗಿಸುತ್ತಿದ್ದಳು.

"ಬಾ ತಂಗಿ," ಎಂದಳು ಸಮವಸ್ತ್ರ ನೋಡಿ, ಸ್ವಲ್ಪವೂ ಗಾಬರಿಯಾಗದೆ. "ಯಾರ ಮಗಳು ನೀನು?"

"ಜಟ್ಟಿಂಗಪ್ಪನ ಮಗಳು, ದೊಡ್ಡಮ್ಮ. ಆನಂದಪುರದ ಕಡೆ."

"ಹೌದನಾ! ಹಂಗಾರೆ ಬರೀ ಚಾ ಕೊಟ್ರೆ ಆಗದು. ಕೂತ್ಕ. ಏ ಶಿವರಾಮ, ಮಣೆ ಕೊಡಾ. ಪೊಲೀಸ್ರು ಬಂದ್ರು ಅಂತ ಮರ ನಿಂತಂಗೆ ನಿಂತ್ಯಲ್ಲ."

ಆಕೆ ಒಳಗೆ ಹೋದಳು. ಶಿವರಾಮ ಮರ ನಿಂತಂತೆಯೇ ನಿಂತಿದ್ದ. ನಲವತ್ತರ ಆಸುಪಾಸಿನ ಸಣಕಲು ಆಳು, ಬೆರಳ ತುದಿಗಳ ಚರ್ಮ ಸುಲಿದು ಬೆಳ್ಳಗಾಗಿತ್ತು. ಎದುರಿಗೆ ಅಲ್ಯೂಮಿನಿಯಂ ತಟ್ಟೆಗಳ ಸಾಲು, ತಟ್ಟೆಗಳಲ್ಲಿ ಆಗಷ್ಟೇ ಸೋಸಿದ ರಬ್ಬರ್ ಹಾಲು.

"ನಿಮ್ ಕೆಲಸ ನಿಲ್ಸಬೇಡಿ ಶಿವರಾಮಣ್ಣ," ಸ್ವಪ್ನಾ ಹೇಳಿದಳು. "ಹಾಲು ಕಾಯಲ್ಲ."

ಅವನು ಬಕೆಟ್ಟಿನ ನೀರಿಗೆ ಬೆರೆಸಿದ ಆಸಿಡ್ಡನ್ನು ಮಗ್ಗಿನಲ್ಲಿ ಅಳೆದು ಒಂದು ತಟ್ಟೆಗೆ ಹೊಯ್ದ. ಸೌಟಿನಿಂದ ಕದಡಿ, ನೊರೆ ತೆಗೆದ. ಶೆಡ್ಡಿನ ತುಂಬ ಚಗಳಿಯ ವಾಸನೆ ಎದ್ದಿತು.

"ಆಸಿಡ್ ಹಾಕದೇ ಇದ್ರೆ ಏನಾಗುತ್ತೆ?"

"ಹಂಗೇ ಕೊಳೆತು ನಾರ್ತದೆ. ಶೀಟ್ ಆಗಲ್ಲ."

"ಹಾಕಿದ್ರೆ?"

"ಹೆಪ್ಪಾಗ್ತದೆ. ಗಟ್ಟಿ ಬೇರೆ, ನೀರ್ ಬೇರೆ."

"ಗಟ್ಟಿ ಬೇರೆ, ನೀರು ಬೇರೆ," ಸ್ವಪ್ನಾ ನಿಧಾನವಾಗಿ ಹೇಳಿದಳು. "ಮೇಲೆ ತಿಳಿ ನಿಲ್ಲುತ್ತೆ."

ಸೌಟು ನಿಂತಿತು.

"ಹೊನ್ನೆಮಕ್ಕಿ ತೊಟ್ಟೀಲಿ ತಿಳಿ ನಿಲ್ತಿರಲಿಲ್ಲ, ಅಲ್ವಾ?"

ಅವನು ಎರಡನೆಯ ತಟ್ಟೆಗೆ ಆಸಿಡ್ ಹೊಯ್ಯಲು ಹೋಗಿ, ಮೊದಲನೆಯದಕ್ಕೇ ಮತ್ತೆ ಹೊಯ್ದ. ಅದು ಕಣ್ಣೆದುರೇ ಗಡ್ಡೆಕಟ್ಟಿತು. ಒಂದು ತಟ್ಟೆ ಹಾಲು ಹಾಳಾದದ್ದನ್ನು ನೋಡುತ್ತ ನಿಂತವನು ಸೌಟನ್ನು ಬಕೆಟ್ಟಿಗೆ ಹಾಕಿ ಕುಕ್ಕರಿಸಿದ.

"ನಿಲ್ತಿರ್ಲಿಲ್ಲ ಮೇಡಂ. ಎಷ್ಟ್ ದಿನ ಬಿಟ್ರೂ ಗೊಜ್ಜಿನಂಗೇ ಇರದು. ಸುಣ್ಣ ಬೇರೆ ಸೇರಿ ಬೆಳ್ಳಗೆ. ನೋಡಿದ್ರೆ ಥೇಟ್ ರಬ್ಬರ್ ಹಾಲು. ಸೌಜನ್ಯ ಮೇಡಂ ದಿನಾ ಬಂದು ಇಣುಕಿ, ಮುಖ ಸಣ್ಣ ಮಾಡ್ಕಂಡು ಹೋಗೋರು. ತಿಳಿ ಸಿಗದಿದ್ರೆ ಆ ಹುಳಕ್ಕೆ ಊಟ ಇಲ್ಲ, ಊಟ ಇಲ್ದಿದ್ರೆ ಎಲ್ಲಾ ಬರೀ ಬಾಯಿಮಾತು ಅಂತಾರೆ ಅನ್ನೋರು. ನಂಗನ್ಸ್ತು... ಇದ್ಕೆ ಯಾಕೆ ಇಷ್ಟ್ ಚಿಂತೆ? ಹಾಲು ಒಡೀಬೇಕು, ಅಷ್ಟೇ ತಾನೇ?"

"ಹಾಕಿದ್ರಿ."

"ಒಂದೇ ಮಗ್ಗು, ಆಲಿಕೇಲಿ. ಚಾ ಕುಡ್ದು ಬರೋಷ್ಟ್ರಲ್ಲಿ ತಿಳಿ ನಿಂತ್ಬಿಟ್ಟಿತ್ತು ಮೇಡಂ!" ಆ ಗಳಿಗೆಯ ಹೆಮ್ಮೆ ಈಗಲೂ ಅವನ ಕಣ್ಣಿನಲ್ಲಿ ಒಮ್ಮೆ ಮಿಂಚಿ ಆರಿತು. "ತೊಟ್ಟಿ ಗಾಳಿ ಹೊರಗೆ ಹೋಗೋ ಕೊಳವೆ ಮೇಲೆ ಒಂದ್ ಬೆಳ್ಳಕ್ಕಿ ಯಾವಾಗ್ಲೂ ಕೂರದು. ಮಂಡಗದ್ದೆ ಪಕ್ಷಿಧಾಮದಿಂದ ಟ್ರಾನ್ಸ್‌ಫರ್ ಆಗಿ ಬಂದಿದೆ ಅಂತ ನಾವ್ ತಮಾಷೆ ಮಾಡದು. ಅದು ಕೂತಲ್ಲಿಂದ ದೊಪ್ ಅಂತ ಬಿತ್ತು. ಹಾರಕ್ಕೂ ನೋಡ್ಲಿಲ್ಲ."

"ಸೌಜನ್ಯಗೆ ಹೇಳಿದ್ರಾ?"

"ಅವತ್ತೇ ಹೇಳ್ದೆ. ಬಯ್ಯಲಿಲ್ಲ ಅವ್ರು. ಬೆವತು ಹೋದ್ರು. ಇನ್ನೊಂದ್ ಹನಿ ಹಾಕಿದ್ರೆ ನೀನೂ ಉಳಿಯಲ್ಲ ನಾನೂ ಉಳಿಯಲ್ಲ ಅಂದ್ರು. ಚೀಲಗಟ್ಟಲೆ ಸುಣ್ಣ ಹಾಕ್ಸಿ ಸರಿ ಮಾಡಿದ್ರು. ಹಕ್ಕೀನ ಇಬ್ರೂ ಸೇರಿ ಹೂತ್ವಿ."

ಸ್ವಪ್ನಾಳಿಗೆ ಜಗುಲಿಯ ಬೆಂಚು ನೆನಪಾಯಿತು. ಹೀಗಾಗೋಕೆ ಸಾಧ್ಯ ಇಲ್ಲ. ಸಾಧ್ಯವಿದೆ ಎಂದು ಗೊತ್ತಿದ್ದೇ ಆಕೆ ಆ ಮಾತು ಹೇಳಿದ್ದಳು. ಆಸಿಡ್ಡಿನ ಸುಳಿವು ಆಕೆಯನ್ನು ನಿರ್ಲಕ್ಷ್ಯದ ಆರೋಪದಿಂದ ಬಿಡಿಸಿದ್ದು ನಿಜ. ಆದರೆ ಆ ತೊಟ್ಟಿಗೆ ಹುಳಿ ಬಿದ್ದರೆ ಏನಾಗುತ್ತದೆ, ಎಷ್ಟು ಬಿದ್ದರೆ ಏನಾಗುತ್ತದೆ ಎಂದು ಮೊದಲೇ ಬಲ್ಲವರು ಯಾರೆಂದು ಹುಡುಕಿ ಹೊರಟರೆ ದಾರಿ ಮತ್ತೆ ಆಕೆಯ ಬಾಗಿಲಿಗೇ ಬರುತ್ತಿತ್ತು. ಈ ಸಲದ ಆರೋಪ ನಿರ್ಲಕ್ಷ್ಯದ್ದಾಗಿರುವುದಿಲ್ಲ, ಕೊಲೆಯದು.

"ಹಕ್ಕಿ ಸತ್ತಿದ್ದು ನೋಡಿದೀಯ. ಹಾಕಬೇಡ ಅಂತ ಹೇಳಿಸ್ಕೊಂಡಿದೀಯ." ಅಣ್ಣ ಎಂಬುದು ಅವಳ ಮಾತಿನಿಂದ ಬಿದ್ದುಹೋಗಿತ್ತು. "ಆದ್ರೂ ಮತ್ತೆ ಹಾಕಿದೆ. ಈ ಸಲ ಒಂದು ಮಗ್ಗಲ್ಲ, ಒಂದು ಕ್ಯಾನ್. ಯಾಕೆ ಶಿವರಾಮ?"

"ಹಾಕು ಅಂದ್ರು."

"ಯಾರು? ಸೌಜನ್ಯಾನಾ?"

ಅವನು ಜೋರಾಗಿ ತಲೆಯಾಡಿಸಿದ. "ಅಯ್ಯೋ, ಅವ್ರಲ್ಲ."

"ಸೀತಾರಾಮಪ್ಪ?"

"ಅಲ್ಲ. ಹೇಳಿದ್ರೆ ನೀವ್ ನಂಬಲ್ಲ. ಅದ್ಕೇ ಇಷ್ಟ್ ದಿನ ಸುಮ್ನಿದ್ದೆ."

"ಹೇಳು."

"ಸತ್ತೋರೇ ಮೇಡಂ. ಹೇರಂಬ ಸಾರ್."

ರೋಲರಿನಿಂದ ನೀರು ತೊಟ್ಟಿಕ್ಕುತ್ತಿತ್ತು. ಒಳಗೆ ದುಗ್ಗಮ್ಮ ಲೋಟ ಜೋಡಿಸುತ್ತಿದ್ದಳು.

"ಹಿಂದಿನ ದಿನ ಫೋನ್ ಮಾಡಿದ್ರು. ನಾಳೆ ಸ್ಯಾಂಪಲ್ ತಿಳಿಯಾಗಿ ಬರ್ಲಿಲ್ಲ ಅಂದ್ರೆ ನಿಮ್ ಮೇಡಂ ಕೆಲಸ ಮುಗೀತು, ತೊಟ್ಟಿ ಮುಚ್ಚಿಸ್ತಾರೆ ಅಂದ್ರು. ನೀನ್ ಅವತ್ತು ಮಾಡಿದ್ಯಲ್ಲ, ಹಂಗೇ ಮಾಡು. ಸುಣ್ಣ ಜಾಸ್ತಿ ಆಗಿದೆ, ಮಗ್ಗು ಸಾಲಲ್ಲ, ಪೂರಾ ಕ್ಯಾನ್ ಹಾಕು ಅಂದ್ರು. ನಾನು ಹಕ್ಕಿ ವಿಷಯ ತೆಗ್ದೆ. ಅದು ಮುದಿ ಹಕ್ಕಿ, ಅದಕ್ಕೂ ಇದಕ್ಕೂ ಸಂಬಂಧ ಇಲ್ಲ, ನಾನು ಲ್ಯಾಬಿನೋನು, ನಂಗೊತ್ತಿಲ್ವಾ ಅಂದ್ರು. ಮೇಡಂಗೆ ಹೇಳ್ಬೇಡ, ಸುಮ್ನೆ ಹೆದರ್ತಾರೆ. ಹಾಕಿದ್ ಕೂಡ್ಲೆ ಮನೆಗೆ ಹೋಗ್ಬಿಡು ಅಂದ್ರು." ಅವನು ತನ್ನ ಸುಲಿದ ಬೆರಳುಗಳನ್ನು ನೋಡಿಕೊಂಡ. "ಲ್ಯಾಬಿನ ಸಾರ್ ಹೇಳ್ತಾರೆ ಅಂದ್ರೆ ಗೊತ್ತಿದ್ದೇ ಹೇಳ್ತಾರೆ ಅಂತ ತಿಳ್ಕಂಡೆ ನಾನು."

ಸತ್ತವನ ಮೇಲೆ ಹಾಕಿದ ಮಾತನ್ನು ಸತ್ತವನು ಅಲ್ಲಗಳೆಯಲಾರ. ಫೋನ್ ಕರೆ ಬಂದಿತ್ತೇ ಎಂದು ಮೊಬೈಲ್ ಕಂಪನಿಯವರನ್ನು ಕೇಳಿ ತಿಳಿಯಬಹುದು. ಕರೆಯಲ್ಲಿ ಏನು ಮಾತಾಯಿತೆಂದು ಯಾರನ್ನು ಕೇಳುವುದು?

ಆದರೆ ಒಂದನ್ನು ಪರೀಕ್ಷಿಸಬಹುದಿತ್ತು. ಶಿವರಾಮನ ಮಾತು ನಿಜವಾದರೆ ಅವನು ಮೊದಲ ಸಲ ಮಗ್ಗು ಹಾಕಿದ್ದು, ಹಕ್ಕಿ ಸತ್ತಿದ್ದು ಹೇರಂಬನಿಗೆ ಮೊದಲೇ ತಿಳಿದಿರಬೇಕು. ಶಿವರಾಮ ಅದನ್ನು ಹೇಳಿದ್ದು ಸೌಜನ್ಯಳಿಗೆ ಮಾತ್ರ.

"ಇಲ್ಲೇ ಇರು," ಎಂದು ಹೊರಗೆ ಬಂದಳು.

* * *

ದುಗ್ಗಮ್ಮನ ಚಾ ಶೆಡ್ಡಿಗಿಂತ ಮೊದಲು ಜೀಪಿಗೆ ತಲುಪಿತ್ತು. ಮಂಜುನಾಥಪ್ಪ ಬಾನೆಟ್ಟಿಗೆ ಒರಗಿ ಚಕ್ಕುಲಿ ಮುರಿಯುತ್ತಿದ್ದ. ಸೌಜನ್ಯ ಹಿಂದಿನ ಸೀಟಿನಲ್ಲಿ, ಎರಡೂ ಕೈಯಲ್ಲಿ ಲೋಟ ಹಿಡಿದು, ಕುಡಿಯದೆ ಕುಳಿತಿದ್ದಳು.

ಶಿವರಾಮ ಏನು ಹೇಳಿದ ಎಂಬುದನ್ನು ಸ್ವಪ್ನಾ ಹೇಳಲಿಲ್ಲ. ಬಾಗಿಲು ತೆರೆದು ಅವಳ ಪಕ್ಕ ಕುಳಿತಳು.

"ಬೆಳ್ಳಕ್ಕಿ ಸತ್ತ ವಿಷಯ ಯಾರಿಗೆಲ್ಲ ಗೊತ್ತಿತ್ತು?"

ಸೌಜನ್ಯ ಕಣ್ಣು ಮುಚ್ಚಿದಳು.

"ಅವನ ಹೆಸರು ಬರಬಾರದು ಅಂತ ಸುಮ್ಮನಿದ್ದೆ ಮೇಡಂ. ಆ ಪಟ್ಟಿ ನೋಡಿದ ಕೂಡ್ಲೆ ಅವನೇ ಅಂತ ಗೊತ್ತಾಯ್ತು. ಆದ್ರೆ ನನಗೆ ಒಳ್ಳೇದಾಗ್ಲಿ ಅಂತ ಮಾಡಿರ್ತಾನೆ ಅವನು, ಕೆಟ್ಟದ್ದಕ್ಕಲ್ಲ. ಆ ಆಲಿಕೆಗೆ ನಾನೊಂದು ಬೀಗ ಹಾಕ್ಸಿದ್ರೆ ಸಾಕಿತ್ತು."

"ನಾನು ಕೇಳಿದ್ದು ಅದಲ್ಲ. ಯಾರಿಗೆಲ್ಲ ಗೊತ್ತಿತ್ತು?"

"ನನಗೆ. ಶಿವರಾಮಂಗೆ." ಅವಳು ಯೋಚಿಸಿದಳು. "ಹೇರಂಬ ಅವ್ರಿಗೆ. ನಾನೇ ಹೇಳಿದ್ದೆ. ಸ್ಯಾಂಪಲ್ ತೆಗೆಯೋಕೆ ಬರೋರಿಗೆ ಗೊತ್ತಿರಬೇಕಲ್ವಾ? ಎಷ್ಟು ಬಿದ್ರೆ ಹಕ್ಕಿ ಸಾಯುತ್ತೆ, ಎಷ್ಟು ಬಿದ್ರೆ ಮನುಷ್ಯರಿಗೆ ಅಪಾಯ, ಎಲ್ಲ ಕೇಳಿ ತಿಳ್ಕೊಂಡ್ರು. ಇಷ್ಟು ಆಸಕ್ತಿಯಿಂದ ಕೇಳೋರು ಸಿಕ್ಕಿದ್ರಲ್ಲ ಅಂತ ಖುಷಿಯಾಗಿತ್ತು ನನಗೆ."

ಬಾನೆಟ್ಟಿನ ಹತ್ತಿರ ಚಕ್ಕುಲಿ ಮುರಿಯುವ ಸದ್ದು ನಿಂತಿತು.

ಗೇಟಿನಲ್ಲಿ ಸೀತಾರಾಮಪ್ಪನ ಬಾಯಿತಪ್ಪಿ ಬಂದ 'ನಮ್ಮೋನೇ' ಎಂಬ ಮಾತು ಸ್ವಪ್ನಾಳಿಗೆ ನೆನಪಾಯಿತು, ಆದರೂ ಅವಸರಿಸಲಿಲ್ಲ. ಇಬ್ಬರೂ ಬೇರೆಬೇರೆ ಕುಳಿತು ಹೇಳಿದ ಮಾತು ಒಂದಕ್ಕೊಂದು ಹೊಂದಿಕೊಂಡಿತ್ತು. ಹೊಂದಿಸಿಕೊಂಡೇ ಬಂದಿದ್ದರೆ? ಅದನ್ನೂ ಅವಳು ತಳ್ಳಿಹಾಕಲಿಲ್ಲ. ಆದರೆ ಇನ್ನೊಂದು ಪ್ರಶ್ನೆ ಉಳಿದಿತ್ತು. ಸೌಜನ್ಯಳ ಲಿಖಿತ ಹೇಳಿಕೆಯಲ್ಲಿ 'ಹೇರಂಬ ಅವರು ಮುಚ್ಚಳ ತೆಗೆದರು' ಎಂದಷ್ಟೇ ಇತ್ತು. ಅದಕ್ಕಿಂತ ಹೆಚ್ಚು ಕೇಳಬೇಕೆಂದು ಯಾರಿಗೂ ತೋಚಿರಲಿಲ್ಲ.

"ಸ್ಯಾಂಪಲ್ ತೆಗೆಯುವಾಗ ಮಾಮೂಲಾಗಿ ಮುಚ್ಚಳ ತೆಗೆಯೋರು ಯಾರು?"

"ನಾನೇ. ಬೇರೆ ಯಾರೂ ಮುಟ್ಟಬಾರದು ಅಂತ ನಾನೇ ನಿಯಮ ಮಾಡಿದ್ದು. ಹೇರಂಬ ಅವ್ರು ಕೆಳಗೆ ನಿಂತಿರ್ತಿದ್ರು, ನಾನು ಬಾಟಲಿ ತುಂಬಿ ಇಳಿಸ್ತಿದ್ದೆ. ಪ್ರತಿ ಸಲಾನೂ..."

ಮಾತು ಅರ್ಧಕ್ಕೆ ನಿಂತಿತು. ತಾನು ಹೇಳುತ್ತಿರುವುದರ ಅರ್ಥ ಅವಳಿಗೇ ಆಗ ತಲುಪಿತು. ಆ ಮುಚ್ಚಳದಡಿ ಕಾದಿದ್ದ ಸಾವು ತನ್ನದು.

"ಅವತ್ತು?" ಸ್ವಪ್ನಾ ಕೇಳಿದಳು.

"ಅವತ್ತೂ ನಾನೇ ಏಣಿ ಹತ್ತಿದ್ದೆ. ಮುಚ್ಚಳದ ಹಿಡಿ ಮೇಲೆ ಕೈ ಇಟ್ಟಿದ್ದೆ. ಅವ್ರು ಕೆಳಗೆ ನಿಂತು ನನ್ನನ್ನೇ ನೋಡ್ತಿದ್ರು." ಸೌಜನ್ಯ ನಿಧಾನವಾಗಿ, ಒಂದೊಂದೇ ಮಾತನ್ನು ಹುಡುಕಿ ತೆಗೆಯುವವಳಂತೆ ಹೇಳಿದಳು. "ಇದ್ದಕ್ಕಿದ್ದ ಹಾಗೆ ದಡದಡ ಹತ್ತಿ ಬಂದ್ರು. ನನ್ನ ಭುಜ ಹಿಡಿದು ಹಿಂದಕ್ಕೆ ಎಳೆದ್ರು. ಇಳೀರಿ, ನೀವು ಇಳೀರಿ ಅಂದ್ರು. ಹೆಂಗಸಿಗೆ ಇದೆಲ್ಲ ಆಗಲ್ಲ ಅನ್ನೋ ದೊಡ್ಡಸ್ತಿಕೆ ಅಂದ್ಕೊಂಡು ಸಿಟ್ಟು ಬಂತು ನನಗೆ. ಏನೂ ಮಾತಾಡದೆ ಇಳಿದು ಗೇಟಿನ ಕಡೆ ನಡೆದುಬಿಟ್ಟೆ. ತಿರುಗಿ ನೋಡೋ ಹೊತ್ತಿಗೆ ಮುಚ್ಚಳ ತೆಗೆದಿದ್ರು."

ಅವಳು ಲೋಟವನ್ನು ಸೀಟಿನ ಮೇಲಿಟ್ಟಳು. ಅದು ಉರುಳಿ ಚಾ ಚೆಲ್ಲಿದ್ದನ್ನು ಇಬ್ಬರೂ ಗಮನಿಸಲಿಲ್ಲ.

"ನನ್ನನ್ನ ಇಳಿಸಿದ ಮೇಲೆ ಅವ್ರೂ ಇಳಿದು ಬಂದುಬಿಡಬಹುದಿತ್ತಲ್ಲ ಮೇಡಂ," ಎಂದಳು ಸೌಜನ್ಯ. "ಗೊತ್ತಿದ್ದೂ ಗೊತ್ತಿದ್ದೂ ಮುಚ್ಚಳ ಯಾಕೆ ತೆಗೆದ್ರು?"